ಸರಕು ಮೊದಲು, ಸರಪಳಿ ಆಮೇಲೆ

ನೇರ ಮಾರಾಟವೆಂದರೆ ಅಂಗಡಿಯಿಲ್ಲದೆ, ಮಾರುವವರು ಕೊಳ್ಳುವವರನ್ನು ಅವರ ಮನೆಯಲ್ಲೋ ಕೆಲಸದ ಜಾಗದಲ್ಲೋ ಮುಖತಃ ಕಂಡು ಮಾಡುವ ವ್ಯಾಪಾರ. ಬಳೆಯ ಮಲಾರ ಹೆಗಲಿಗೇರಿಸಿ ಬರುತ್ತಿದ್ದ ಬಳೆಗಾರನೂ ಸೈಕಲ್ಲಿಗೆ ಸೀರೆಗಂಟು ಕಟ್ಟಿಕೊಂಡು ಕಂತಿನ ಲೆಕ್ಕದಲ್ಲಿ ಕೊಡುತ್ತಿದ್ದವನೂ ಮಾಡಿದ್ದು ಇದನ್ನೇ. ಇಂದು ಈ ಹೆಸರಿನಲ್ಲಿ ನಡೆಯುವುದು ಕಂಪನಿಗಳ ವ್ಯಾಪಾರ. ಸಾಬೂನು, ಶಾಂಪೂ, ಪ್ರೋಟೀನ್ ಪುಡಿ, ನೆಲ ಒರೆಸುವ ದ್ರಾವಣ, ಅಡುಗೆಮನೆಯ ಡಬ್ಬಿ ಇಂಥವನ್ನು ಕಂಪನಿ ತಾನೇ ತಯಾರಿಸುತ್ತದೆ, ಇಲ್ಲವೇ ಬೇರೆಯವರಿಂದ ಮಾಡಿಸಿಕೊಳ್ಳುತ್ತದೆ. ಮಾರುವವರು ಅದರ ನೌಕರರಲ್ಲ. ಸಂಬಳವಿಲ್ಲ, ರಜೆಯಿಲ್ಲ, ಭವಿಷ್ಯ ನಿಧಿಯಿಲ್ಲ. ರಿಯಾಯಿತಿ ದರಕ್ಕೆ ಸರಕು ಎತ್ತಿ ಎಂಆರ್‌ಪಿಗೆ ಮಾರಿದರೆ ನಡುವಿನ ಅಂತರ ಅವರದು. ಇದು ಮೊದಲನೆಯ ಆದಾಯ. ಎರಡನೆಯದು, ತಾವು ಸೇರಿಸಿದವರು ಮತ್ತು ಅವರು ಸೇರಿಸಿದವರು ಎತ್ತುವ ಸರಕಿನ ಮೇಲೆ ಕಂಪನಿ ಕೊಡುವ ಕಮಿಷನ್. ಮೊದಲನೆಯದು ಮಾತ್ರ ಇದ್ದರೆ ಏಕಹಂತದ ಮಾರಾಟ. ಎರಡೂ ಇದ್ದರೆ ಬಹುಹಂತದ್ದು, ಊರ ಬಾಯಲ್ಲಿ ‘ಚೈನ್ ಲಿಂಕ್’.

ಮನೆಯಿಂದಲೇ ಏನಾದರೂ ಮಾಡಬೇಕೆನ್ನುವವರು ಕಂಪನಿ ಆರಿಸುವಾಗ ಸಾಮಾನ್ಯವಾಗಿ ಕೇಳುವುದು ‘ಎಷ್ಟು ಸಿಗುತ್ತದೆ’ ಎಂದು. ಅದಕ್ಕಿಂತ ಮೊದಲು ಕೇಳಬೇಕಾದದ್ದು ‘ಸಿಗುವ ದುಡ್ಡು ಎಲ್ಲಿಂದ ಬರುತ್ತದೆ’ ಎಂದು. ಸರಕನ್ನು ಬಳಸುವ ಆಸೆಯಿಂದ ಕೊಂಡವರ ಜೇಬಿನಿಂದ ಬರುವ ದುಡ್ಡು ವ್ಯಾಪಾರದ ದುಡ್ಡು. ಮುಂದೆ ತಾವೂ ಗಳಿಸಬಹುದೆಂಬ ಆಸೆಯಿಂದ ಸೇರಿದವರ ಜೇಬಿನಿಂದ ಬಂದದ್ದಾದರೆ ಅದು ಇನ್ನೊಬ್ಬರು ಸೇರುವವರೆಗೆ ಮಾತ್ರ ಬರುವ ದುಡ್ಡು. ಹೊರಗಿನಿಂದ ನೋಡಿದರೆ ಎರಡೂ ಒಂದೇ ತರಹ ಕಾಣುತ್ತವೆ: ಅದೇ ಡಬ್ಬಿ, ಅದೇ ಬಿಲ್ಲು, ಅದೇ ಬಣ್ಣದ ಕ್ಯಾಟಲಾಗು. ಹೀಗಾಗಿ ಕಂಪನಿಯ ಆಯ್ಕೆ ಎಂಬುದು ಹೆಚ್ಚುಕಡಿಮೆ ಈ ಎರಡನ್ನು ಬೇರ್ಪಡಿಸಿ ನೋಡುವ ಕೆಲಸವೇ.

ಈ ವ್ಯಾಪಾರದ ಒಟ್ಟು ಗಾತ್ರ ಸಣ್ಣದಲ್ಲ. ಭಾರತೀಯ ನೇರ ಮಾರಾಟ ಸಂಘದ ವಾರ್ಷಿಕ ಸಮೀಕ್ಷೆಯ ಪ್ರಕಾರ 2023-24ರಲ್ಲಿ ದೇಶದ ನೇರ ಮಾರಾಟದ ವಹಿವಾಟು 22,142 ಕೋಟಿ ರೂಪಾಯಿ. ಮಾರಾಟಗಾರರು ಸುಮಾರು 88 ಲಕ್ಷ, ಅವರಲ್ಲಿ ಶೇ 44 ಮಂದಿ ಮಹಿಳೆಯರು. ಹೊಸಬರನ್ನು ಸೇರಿಸುವ ಸಭೆಗಳಲ್ಲಿ ಮೊದಲ ಅಂಕಿಯನ್ನು ದೊಡ್ಡಕ್ಷರದಲ್ಲಿ ತೋರಿಸುತ್ತಾರೆ. ಎರಡನೆಯ ಅಂಕಿಯಿಂದ ಅದನ್ನು ಭಾಗಿಸಿ ತೋರಿಸುವವರು ಅಪರೂಪ. ಭಾಗಿಸಿದರೆ ತಲೆಗೆ ವರ್ಷಕ್ಕೆ ಸುಮಾರು 25,160 ರೂಪಾಯಿ, ತಿಂಗಳಿಗೆ 2,100ರ ಆಸುಪಾಸು ಬರುತ್ತದೆ. ಇದು ಆದಾಯವಲ್ಲ, ಮಾರಾಟದ ಮೊತ್ತ. ರಿಯಾಯಿತಿಗಾಗಿ ಹೆಸರು ನೋಂದಾಯಿಸಿ ತಮ್ಮ ಮನೆಗಷ್ಟೇ ಸಾಬೂನು ತರಿಸುವವರೂ ಈ ಲೆಕ್ಕದಲ್ಲಿದ್ದಾರೆ ಎಂಬುದು ನಿಜ. ಆದರೂ ‘ಆರು ತಿಂಗಳಲ್ಲಿ ಕಾರು’ ಎಂಬ ಮಾತಿನ ಪಕ್ಕದಲ್ಲಿ ಈ ಭಾಗಾಕಾರವನ್ನು ಬರೆದಿಟ್ಟುಕೊಳ್ಳುವುದು ಒಳ್ಳೆಯದು.

ಮೊದಲ ಪರೀಕ್ಷೆ ಸರಕಿನದು. ಕಮಿಷನ್, ಪದವಿ, ಬಹುಮಾನ ಎಲ್ಲವನ್ನೂ ಬದಿಗಿಟ್ಟು, ಈ ವಸ್ತುವನ್ನು ಈ ಬೆಲೆಗೆ ಬರೀ ಗ್ರಾಹಕರಾಗಿ ಕೊಳ್ಳುವವರು ಬೀದಿಯಲ್ಲಿ ಹತ್ತು ಮನೆಯಾದರೂ ಇದ್ದಾರೆಯೇ ಎಂದು ನೋಡಬೇಕು. ಬೆಲೆಯನ್ನು ಬಾಟಲಿಯ ಲೆಕ್ಕದಲ್ಲಿ ಹೋಲಿಸಿದರೆ ಮೋಸಹೋಗುವುದು ಸುಲಭ. ಮಿಲಿಲೀಟರಿನ, ಗ್ರಾಮಿನ ಲೆಕ್ಕಕ್ಕೆ ಇಳಿಸಬೇಕು. 200 ಮಿಲಿಲೀಟರಿನ ಶಾಂಪೂ 480 ರೂಪಾಯಿ, ಕಿರಾಣಿ ಅಂಗಡಿಯಲ್ಲಿ 340 ಮಿಲಿಲೀಟರಿನದು 340 ರೂಪಾಯಿ ಎಂದಾದರೆ, ಒಂದಕ್ಕೆ ಮಿಲಿಗೆ 2 ರೂಪಾಯಿ 40 ಪೈಸೆ, ಇನ್ನೊಂದಕ್ಕೆ ಒಂದು ರೂಪಾಯಿ. ‘ನಮ್ಮದು ಗಟ್ಟಿ, ಅರ್ಧ ಹಾಕಿದರೆ ಸಾಕು’ ಎಂಬ ಉತ್ತರ ಬರುತ್ತದೆ. ಅದು ಸುಳ್ಳೇ ಆಗಿರಬೇಕೆಂದಿಲ್ಲ, ಪಾತ್ರೆ ತೊಳೆಯುವ ಕೆಲವು ದ್ರಾವಣಗಳು ನಿಜಕ್ಕೂ ಗಟ್ಟಿಯಾಗಿರುತ್ತವೆ. ಪರೀಕ್ಷೆ ಮನೆಯಲ್ಲೇ ಇದೆ. ಬಾಟಲಿ ತೆರೆದ ತಾರೀಕನ್ನು ಅದರ ತಳದಲ್ಲಿ ಬರೆದಿಟ್ಟು, ಮುಗಿದ ದಿನ ಲೆಕ್ಕ ಹಾಕಿದರೆ ಸಾಕು. ಇಷ್ಟೇ ಅಳತೆಯ ಅಂಗಡಿಯ ಬಾಟಲಿ 30 ದಿನ ಬಂದ ಮನೆಯಲ್ಲಿ ಇದು 35 ದಿನ ಬಂದರೆ, ‘ಅರ್ಧ ಸಾಕು’ ಎಂಬ ಮಾತು ಅಲ್ಲಿಗೇ ಮುಗಿಯಿತು.

ಮನೆಯಿಂದ ಮಾಡುವ ವ್ಯಾಪಾರಕ್ಕೆ ಖಾಲಿಯಾಗಿ ಮತ್ತೆ ಬೇಕೆನಿಸುವ ಸರಕು ಬೇಕು. ನೀರು ಶುದ್ಧೀಕರಿಸುವ ಯಂತ್ರವನ್ನೋ ಕಾಂತೀಯ ಹಾಸಿಗೆಯನ್ನೋ ಒಂದು ಮನೆಗೆ ಒಮ್ಮೆ ಮಾರಬಹುದು. ಆಮೇಲೆ ಆ ಮನೆಯಲ್ಲಿ ಉಳಿಯುವುದು ಕಾಫಿಯಷ್ಟೇ. ಸಾಬೂನು, ಎಣ್ಣೆ, ಪುಡಿ ತಿಂಗಳು ತಿಂಗಳು ಮುಗಿಯುತ್ತವೆ, ಆದರೆ ಅವಕ್ಕೆ ಪಕ್ಕದ ಅಂಗಡಿಯೇ ಪೈಪೋಟಿ. ಅಡುಗೆಮನೆಯ ಡಬ್ಬಿಗಳದು ಇವೆರಡರ ನಡುವಿನ ಸ್ಥಿತಿ. ಟಪ್ಪರ್‌ವೇರ್ 1996ರಲ್ಲಿ ಭಾರತಕ್ಕೆ ಬಂದ ಮೇಲೆ ನಮ್ಮ ಬಹಳಷ್ಟು ನಗರಗಳ ಮಧ್ಯಮವರ್ಗದ ಮನೆಗಳಲ್ಲಿ ಆ ಡಬ್ಬಿ ಕಳೆದರೆ ಮಕ್ಕಳಿಗೆ ಬೈಗುಳ ತಪ್ಪುತ್ತಿರಲಿಲ್ಲ. ಸರಕಿನ ಬಗ್ಗೆ ಯಾರಿಗೂ ತಕರಾರಿರಲಿಲ್ಲ. ಅದೇ ಕಂಪನಿಯ ಮಾತೃಸಂಸ್ಥೆ 2024ರ ಸೆಪ್ಟೆಂಬರಿನಲ್ಲಿ ಅಮೆರಿಕದ ನ್ಯಾಯಾಲಯದಲ್ಲಿ ದಿವಾಳಿ ಅರ್ಜಿ ಹಾಕಿತು. ಒಳ್ಳೆಯ ಸರಕು ಬೇಕೇ ಬೇಕು, ಅದೊಂದೇ ಸಾಲದು.

ಆರಿಸುವ ಮುನ್ನ ಅದೇ ಸರಕು ಆನ್‌ಲೈನ್ ಅಂಗಡಿಗಳಲ್ಲಿ ಎಷ್ಟಕ್ಕೆ ಸಿಗುತ್ತಿದೆ ಎಂದು ಹುಡುಕುವುದು ಐದು ನಿಮಿಷದ ಕೆಲಸ. ಗುರಿ ಮುಟ್ಟಲೆಂದು ಅಳತೆ ಮೀರಿ ಸರಕು ಎತ್ತಿದವರು ಅದನ್ನು ಕಡಿಮೆ ಬೆಲೆಗೆ ಅಲ್ಲಿ ಸುರಿಯುತ್ತಾರೆ. ಮಾರುವವರಿಗೆ ಕಂಪನಿ ಕೊಡುವ ದರಕ್ಕಿಂತಲೂ ಕಡಿಮೆಗೆ ಅಲ್ಲಿ ಸಿಗುತ್ತಿದ್ದರೆ, ಆ ಕಂಪನಿಯ ಚಿಲ್ಲರೆ ಲಾಭ ಎಂಬುದು ಕಾಗದದ ಮೇಲಷ್ಟೇ ಇದೆ. ಗ್ರಾಹಕರ ಕೈಯಲ್ಲೂ ಮೊಬೈಲ್ ಇದೆ ಎಂಬುದನ್ನು ಮರೆಯಬಾರದು.

ಆರೋಗ್ಯದ ಸರಕುಗಳಿಗೆ ಇನ್ನೊಂದು ಜರಡಿ ಬೇಕು. ಆಹಾರದ ಸಾಲಿಗೆ ಸೇರುವ ಪುಡಿ, ಮಾತ್ರೆಗಳ ಮೇಲೆ ಎಫ್‌ಎಸ್‌ಎಸ್‌ಎಐನ 14 ಅಂಕಿಯ ಪರವಾನಗಿ ಸಂಖ್ಯೆ ಇರಬೇಕು; ಆಯುರ್ವೇದದ ಔಷಧವಾದರೆ ಆಯುಷ್ ಪರವಾನಗಿ. ಈ ಸಂಖ್ಯೆ ಇದ್ದ ಮಾತ್ರಕ್ಕೆ ಪುಡಿ ಕಾಯಿಲೆ ಗುಣಪಡಿಸುತ್ತದೆ ಎಂದಾಗುವುದಿಲ್ಲ. ಅದು ಆಹಾರ, ಅಷ್ಟೇ. ಸಕ್ಕರೆ ಕಾಯಿಲೆ, ಕ್ಯಾನ್ಸರ್ ಮುಂತಾದವನ್ನು ವಾಸಿಮಾಡುತ್ತದೆಂದು ಪ್ರಚಾರ ಮಾಡುವುದನ್ನು 1954ರ ಔಷಧ ಮತ್ತು ಮಾಂತ್ರಿಕ ಚಿಕಿತ್ಸೆಗಳ (ಆಕ್ಷೇಪಾರ್ಹ ಜಾಹೀರಾತು) ಕಾಯ್ದೆ ನಿಷೇಧಿಸಿದೆ. ಕಂಪನಿಯ ಮುದ್ರಿತ ಕ್ಯಾಟಲಾಗಿನಲ್ಲಿ ಇಂಥ ಮಾತು ಇರುವುದಿಲ್ಲ, ವಕೀಲರು ನೋಡಿರುತ್ತಾರೆ. ಅದು ಇರುವುದು ವಾಟ್ಸ್‌ಆ್ಯಪ್ ಗುಂಪಿನಲ್ಲಿ, ಸಭೆಯ ಅನುಭವ ಕಥನಗಳಲ್ಲಿ. ‘ನಮ್ಮ ಅತ್ತೆ ಇನ್ಸುಲಿನ್ ಬಿಟ್ಟೇಬಿಟ್ಟರು’ ಎಂಬ ಮಾತನ್ನು ನಂಬಿ ನೆರೆಮನೆಯವರು ಇನ್ಸುಲಿನ್ ಬಿಟ್ಟರೆ ಮುಂದಾಗುವ ಅನಾಹುತಕ್ಕೆ ಉತ್ತರ ಹೇಳಬೇಕಾದವರು ಡಬ್ಬಿ ಮಾರಿದವರೇ. ಇಂಥ ಮಾತಿನ ಮೇಲೇ ಮಾರಾಟ ನಿಂತಿರುವ ಕಂಪನಿಯನ್ನು ಮುಂದಿನ ಪರೀಕ್ಷೆಗೆ ಒಯ್ಯುವ ಅಗತ್ಯವೇ ಇಲ್ಲ.

ಎರಡನೆಯದು ‘ಪ್ಲಾನ್’. ಕಮಿಷನ್ ಹಂಚಿಕೆಯ ಯೋಜನೆಯನ್ನು ಎಲ್ಲರೂ ಕರೆಯುವುದು ಹಾಗೆ. ಹೊಸಬರಿಗೆ ಅದನ್ನು ವಿವರಿಸುವುದಕ್ಕೆ ‘ಪ್ಲಾನ್ ತೋರಿಸುವುದು’ ಎನ್ನುತ್ತಾರೆ. ಇದರಲ್ಲಿ ರೂಪಾಯಿಯ ಬದಲು ಪಿವಿ, ಬಿವಿ ಎಂಬ ಅಂಕಗಳು ಓಡಾಡುತ್ತವೆ. ಸಾವಿರ ರೂಪಾಯಿಯ ಸರಕಿಗೆ ಕಂಪನಿ ಐನೂರೋ ಆರುನೂರೋ ಬಿವಿ ಎಂದು ನಿಗದಿಮಾಡಿ, ಶೇಕಡಾವಾರು ಕಮಿಷನ್ನನ್ನು ಅದರ ಮೇಲೆ ಲೆಕ್ಕ ಹಾಕುತ್ತದೆ. ಹಾಗಾಗಿ ‘ಶೇ 20 ಕಮಿಷನ್’ ಎಂದು ಕೇಳಿಸಿದ್ದು ರೂಪಾಯಿಗೆ ಇಳಿಸಿದಾಗ ಶೇ 10 ಅಥವಾ 12 ಆಗಿರಬಹುದು. ಕೆಲವು ಪ್ಲಾನ್‌ಗಳಲ್ಲಿ ಎಡಗಾಲು, ಬಲಗಾಲು ಎಂದು ಎರಡು ಸಾಲುಗಳು. ಎರಡೂ ಸಮವಾಗಿ ಬೆಳೆದರೆ ಮಾತ್ರ ಜೋಡಿ ಲೆಕ್ಕದಲ್ಲಿ ಹಣ. ಒಂದು ಕಾಲು ಕುಂಟಿದರೆ ಇನ್ನೊಂದರ ದುಡಿಮೆ ಕಂಪನಿಯ ಖಾತೆಯಲ್ಲೇ ಉಳಿಯುತ್ತದೆ. ಪ್ಲಾನ್‌ನ ಬಣ್ಣದ ಪುಟಗಳಿಗಿಂತ ಅಡಿಯ ಸಣ್ಣಕ್ಷರಗಳು ಮುಖ್ಯ. ಪ್ರತಿ ತಿಂಗಳೂ ಸ್ವಂತ ಹೆಸರಿನಲ್ಲಿ ಇಷ್ಟು ಸರಕು ಎತ್ತದಿದ್ದರೆ ಕೆಳಗಿನವರ ಮಾರಾಟದ ಕಮಿಷನ್ ಸಿಗದು ಎಂಬ ಷರತ್ತು ಸಾಮಾನ್ಯವಾಗಿ ಅಲ್ಲಿರುತ್ತದೆ. ತಿಂಗಳ ಕೊನೆಯ ವಾರ ಮಂಚದ ಕೆಳಗೆ ಡಬ್ಬಿಗಳು ಸೇರಿಕೊಳ್ಳಲು ಈ ಷರತ್ತೇ ಕಾರಣ.

ಸರಪಳಿ ಎಷ್ಟು ಬೆಳೆಯಬಲ್ಲದು ಎಂಬುದಕ್ಕೆ ಸಭೆಯ ಬಿಳಿ ಹಲಗೆಯ ಮೇಲೆ ಬರೆಯುವ ವೃತ್ತಗಳನ್ನೇ ಸ್ವಲ್ಪ ಮುಂದುವರಿಸಿದರೆ ಸಾಕು. ಒಬ್ಬರು ಆರು ಜನರನ್ನು ಸೇರಿಸುತ್ತಾರೆ, ಆ ಆರು ಜನ ತಲಾ ಆರು. ಹಲಗೆಯ ಮೇಲೆ ಲೆಕ್ಕ ಮೂರನೆಯ ಸಾಲಿಗೆ, 216ಕ್ಕೆ ನಿಲ್ಲುತ್ತದೆ. ಅಲ್ಲಿಗೆ ಜಾಗವೂ ಮುಗಿಯುತ್ತದೆ, ಚಪ್ಪಾಳೆಯೂ ಬೀಳುತ್ತದೆ. ಎಂಟನೆಯ ಸಾಲಿಗೆ ಹೋದರೆ 16,79,616. ಹತ್ತನೆಯ ಸಾಲಿನಲ್ಲಿ 6,04,66,176. 2011ರ ಜನಗಣತಿಯಲ್ಲಿ ಕರ್ನಾಟಕದ ಜನಸಂಖ್ಯೆ 6.11 ಕೋಟಿ. ಅಂದರೆ ತೊಟ್ಟಿಲ ಕೂಸಿನಿಂದ ಹಿಡಿದು ಕೋಲೂರಿದ ಅಜ್ಜನವರೆಗೆ ನಾಡೆಲ್ಲ ಆ ಒಂದು ಸಾಲಿಗೇ ಬೇಕು, ಅವರು ಮಾರುವುದು ಯಾರಿಗೆ ಎಂಬ ಪ್ರಶ್ನೆ ಬೇರೆ. ಸರಪಳಿ ಇದಕ್ಕಿಂತ ಎಷ್ಟೋ ಮೊದಲೇ ತುಂಡಾಗುತ್ತದೆ, ತುಂಡಾದಾಗ ಕೊನೆಯ ಸಾಲಿನಲ್ಲಿ ನಿಂತವರೇ ಎಲ್ಲರಿಗಿಂತ ಹೆಚ್ಚು. ಹೊಸಬರು ಸೇರುವುದು ಯಾವಾಗಲೂ ಕೊನೆಯ ಸಾಲಿಗೇ.

ಹಾಗೆಂದು ಬಹುಹಂತದ ಮಾರಾಟವೆಲ್ಲ ಮೋಸವೆಂದು ಕಾನೂನು ಹೇಳುವುದಿಲ್ಲ. ಗೆರೆ ಎಲ್ಲಿ ಎಂಬ ವಾದ ಹಳೆಯದು. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 1979ರಲ್ಲಿ ಆಮ್ವೇ ಕಂಪನಿಯ ವಿಷಯದಲ್ಲಿ ಕೊಟ್ಟ ತೀರ್ಪು ಇದಕ್ಕೆ ಅಳತೆಗೋಲಿನಂತಾಯಿತು. ಆದಾಯವನ್ನು ಉತ್ಪ್ರೇಕ್ಷಿಸಿದ್ದು, ಮಾರಾಟಗಾರರ ಬೆಲೆಯನ್ನು ಕಟ್ಟಿಹಾಕಿದ್ದು ತಪ್ಪೆಂದ ಆಯೋಗ, ಅದು ಹೊಸದಾಗಿ ಸೇರುವವರ ಹಣದ ಮೇಲೇ ನಿಂತ ಪಿರಮಿಡ್ ಯೋಜನೆ ಅಲ್ಲವೆಂದೂ ಹೇಳಿತು. ಕಾರಣ, ಕಂಪನಿಯ ಮೂರು ನಿಯಮಗಳು: ಎತ್ತಿದ ಸರಕಿನಲ್ಲಿ ಶೇ 70ರಷ್ಟನ್ನಾದರೂ ಆ ತಿಂಗಳು ಮಾರಿರಬೇಕು, ಕನಿಷ್ಠ 10 ಬೇರೆ ಬೇರೆ ಗ್ರಾಹಕರಿಗೆ ಚಿಲ್ಲರೆ ಮಾರಾಟ ಆಗಿರಬೇಕು, ಮಾರಾಟವಾಗದೆ ಉಳಿದ ಸರಕನ್ನು ವಾಪಸ್ ಪಡೆಯಬೇಕು. ಅದೇ ಕಂಪನಿಯ ಭಾರತದ ಯೋಜನೆ 1978ರ ಹಣ ಚಲಾವಣೆ ನಿಷೇಧ ಕಾಯ್ದೆಯ ವ್ಯಾಪ್ತಿಗೆ ಬರುತ್ತದೆಂದು ಆಂಧ್ರಪ್ರದೇಶ ಹೈಕೋರ್ಟ್ 2007ರಲ್ಲಿ ಹೇಳಿತು. 2022ರ ಏಪ್ರಿಲ್‌ನಲ್ಲಿ ಜಾರಿ ನಿರ್ದೇಶನಾಲಯ ಪಿರಮಿಡ್ ವಂಚನೆಯ ಆರೋಪದ ಮೇಲೆ ಅದರ 757 ಕೋಟಿ ರೂಪಾಯಿಗೂ ಹೆಚ್ಚಿನ ಆಸ್ತಿ ಜಪ್ತಿ ಮಾಡಿತು. ಕಂಪನಿ ಆರೋಪವನ್ನು ಒಪ್ಪಿಲ್ಲ. ಇದರಿಂದ ಮನೆಯ ವ್ಯಾಪಾರಿ ತಿಳಿಯಬೇಕಾದ್ದು ಇಷ್ಟು: ಕಂಪನಿ ಹಳೆಯದು, ವಿದೇಶದ್ದು, ಹೆಸರುವಾಸಿ ಎಂಬುದು ಉತ್ತರವಾಗುವುದಿಲ್ಲ. ಆದರೆ ಆ ಮೂರು ನಿಯಮಗಳು ಈಗಲೂ ಒಳ್ಳೆಯ ಪ್ರಶ್ನೆಗಳು. ಯಾವ ಕಂಪನಿಯವರೇ ಬರಲಿ, ಅವರಿಗೆ ಅವನ್ನು ಕೇಳಬಹುದು.

ಲಾಭದ ಲೆಕ್ಕವನ್ನು ಒಂದು ತಿಂಗಳ ಮಟ್ಟಿಗೆ ಕೈಯಾರೆ ಬರೆದು ನೋಡದೆ ಕಂಪನಿ ಆರಿಸಬಾರದು. ದಾವಣಗೆರೆಯಂಥ ಊರಿನಲ್ಲಿ ಒಬ್ಬ ಗೃಹಿಣಿ ಎಂಆರ್‌ಪಿ ಲೆಕ್ಕದಲ್ಲಿ 12,000 ರೂಪಾಯಿಯ ಸರಕನ್ನು ಶೇ 20 ರಿಯಾಯಿತಿಗೆ, 9,600 ಕೊಟ್ಟು ಎತ್ತಿದರು ಎಂದುಕೊಳ್ಳೋಣ. ತಿಂಗಳಲ್ಲಿ ಎಂಆರ್‌ಪಿಯ ಪ್ರಕಾರ 9,000ದ ಸರಕು ಖರ್ಚಾಯಿತು. ಪರಿಚಯದವರು ಎಂಆರ್‌ಪಿ ಕೊಡುವುದುಂಟೇ? 4,000 ರೂಪಾಯಿಯ ಸರಕಿಗೆ ಶೇ 10 ಬಿಟ್ಟುಕೊಟ್ಟು, ಬಿಲ್ಲಾದದ್ದು 8,600. ಅದರಲ್ಲಿ 1,200 ಉದ್ರಿ. ‘ಒಂದನೇ ತಾರೀಕಿಗೆ ಕೊಡ್ತೀನಿ ಅಕ್ಕ’ ಎಂದವರದ್ದು. ಸ್ಕೂಟರಿನ ಪೆಟ್ರೋಲು 500, ನೋಡಲೆಂದು ಕೊಟ್ಟ ಸ್ಯಾಂಪಲ್ಲು 300, ಭಾನುವಾರದ ಸಭೆಯ ಟಿಕೆಟ್ಟು ಮತ್ತು ಬಸ್ಸು 250. ಸ್ವಂತ ಹೆಸರಿನಲ್ಲಿ ಎತ್ತಿದ ಸರಕಿಗೂ ಕಮಿಷನ್ ಕೊಡುವ ಕಂಪನಿಯಾದರೆ ಅದರಿಂದ ಬಂದದ್ದು, ಆ ಸರಕಿಗೆ 5,760 ಬಿವಿ ಎಂದು ಹಿಡಿದು ಅದರ ಶೇ 7ರಂತೆ, 403.

ಈಗ ಮಾರಿದ ಸರಕಿನ ಅಸಲು 7,200. ಬಿಲ್ಲಿನ 8,600ರಲ್ಲಿ ಅದನ್ನು ಕಳೆದರೆ 1,400. ಖರ್ಚು 1,050 ಕಳೆದು ಕಮಿಷನ್ ಕೂಡಿಸಿದರೆ ತಿಂಗಳ ಲಾಭ 753 ರೂಪಾಯಿ. ಕೈಯಲ್ಲಿರುವ ನಗದಿನ ಲೆಕ್ಕವೇ ಬೇರೆ. ಹೋದದ್ದು 9,600 ಮತ್ತು 1,050. ಬಂದದ್ದು 7,400 ಮತ್ತು 403. ಅಂದರೆ 2,847 ರೂಪಾಯಿ ಕೈಯಿಂದ ಹಾಕಿದಂತಾಯಿತು. ಪುಸ್ತಕದಲ್ಲಿ ಲಾಭ, ಪರ್ಸಿನಲ್ಲಿ ಖಾಲಿ. ನಡುವಿನ ವ್ಯತ್ಯಾಸ ಉದ್ರಿಯಲ್ಲೂ ಮಂಚದ ಕೆಳಗಿನ 2,400 ರೂಪಾಯಿಯ ಡಬ್ಬಿಗಳಲ್ಲೂ ಇದೆ. ಉದ್ರಿ ವಸೂಲಾಗಿ, ಡಬ್ಬಿಗಳು ಅವಧಿ ಮುಗಿಯುವ ಮುನ್ನ ಮಾರಾಟವಾದರೆ ವ್ಯಾಪಾರ ಸರಿ. ತಿಂಗಳೆಲ್ಲ ಓಡಾಡಿದ ಗಂಟೆಗಳಿಗೆ ಕೂಲಿಯನ್ನು ಈ ಲೆಕ್ಕದಲ್ಲಿ ಹಿಡಿದೇ ಇಲ್ಲ. ಎರಡು ಕಂಪನಿಗಳ ನಡುವೆ ಆರಿಸುವಾಗ ರಿಯಾಯಿತಿಯ ಶೇಕಡಾ, ಒಮ್ಮೆಗೆ ಎತ್ತಬೇಕಾದ ಕನಿಷ್ಠ ಸರಕು, ವಾಪಸಾತಿಯ ಷರತ್ತು ಈ ಮೂರನ್ನು ಇದೇ ಲೆಕ್ಕದಲ್ಲಿ ತುಂಬಿ ನೋಡಿದರೆ ಯಾವುದು ಲೇಸೆಂದು ಗೊತ್ತಾಗುತ್ತದೆ. ಗ್ರಾಹಕರಿಂದ ಮೊದಲೇ ಆರ್ಡರ್ ಹಿಡಿದು ಅಷ್ಟನ್ನೇ ತರಿಸಲು ಬಿಡುವ ಕಂಪನಿಯಲ್ಲಿ ಲಾಭದ ಶೇಕಡಾ ಸ್ವಲ್ಪ ಕಡಿಮೆಯಿದ್ದರೂ ಕೈಕಚ್ಚುವುದಿಲ್ಲ.

ಮೂರನೆಯದು ಕಾಗದಪತ್ರ. 1978ರ ಕಾಯ್ದೆ ನಿಷೇಧಿಸಿದ್ದು ಬಹುಮಾನದ ಚೀಟಿ ಮತ್ತು ಹಣ ಚಲಾವಣೆ ಯೋಜನೆಗಳನ್ನು, ಅಂದರೆ ಹೊಸ ಸದಸ್ಯರು ಸೇರುವುದರ ಮೇಲೇ ಹಣ ಸಿಗುವುದು ನಿಂತಿರುವ ಏರ್ಪಾಟುಗಳನ್ನು. ನೇರ ಮಾರಾಟಕ್ಕೆಂದೇ ಪ್ರತ್ಯೇಕ ನಿಯಮ ಬಹುಕಾಲ ಇರಲಿಲ್ಲ. ಕೇಂದ್ರ ಸರ್ಕಾರ 2016ರಲ್ಲಿ ಮಾರ್ಗಸೂಚಿ ಹೊರಡಿಸಿತು. ಸೇರಲು ಪ್ರವೇಶ ಶುಲ್ಕ ಇರಕೂಡದು, ಮಾರಬಹುದಾದ ಸ್ಥಿತಿಯಲ್ಲಿರುವ ಸರಕನ್ನು ಕಂಪನಿ ವಾಪಸ್ ಕೊಳ್ಳಬೇಕು, ಸೇರಿದವರು ಮನಸ್ಸು ಬದಲಿಸಲು ಕಾಲಾವಕಾಶ ಇರಬೇಕು ಎಂಬ ಮಾತುಗಳು ಬಂದದ್ದು ಅಲ್ಲಿಂದ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಅಡಿ 2021ರ ಡಿಸೆಂಬರ್‌ನಲ್ಲಿ ಹೊರಬಂದ ನೇರ ಮಾರಾಟ ನಿಯಮಗಳು ಇದಕ್ಕೆ ಕಾನೂನಿನ ಬಲ ಕೊಟ್ಟವು. ಪಿರಮಿಡ್ ಯೋಜನೆ, ಹಣ ಚಲಾವಣೆ ಎರಡಕ್ಕೂ ನಿಷೇಧ. ಕಂಪನಿಗೆ ಭಾರತದಲ್ಲಿ ನೋಂದಾಯಿತ ಕಚೇರಿ ಒಂದಾದರೂ ಇರಬೇಕು. ಮಾರಾಟಗಾರರೊಂದಿಗೆ ಲಿಖಿತ ಒಪ್ಪಂದ, ಅವರಿಗೆ ಗುರುತಿನ ಚೀಟಿ, ಹೆಸರು ವಿಳಾಸ ಸಹಿತ ಒಬ್ಬ ಕುಂದುಕೊರತೆ ಅಧಿಕಾರಿ ಇರಬೇಕು. ದೂರು ತಲುಪಿದ್ದಕ್ಕೆ 48 ಕೆಲಸದ ಗಂಟೆಗಳಲ್ಲಿ ಸ್ವೀಕೃತಿ, ಸಾಮಾನ್ಯವಾಗಿ ಒಂದು ತಿಂಗಳಲ್ಲಿ ಪರಿಹಾರ. ಮಾರಾಟಗಾರರೂ ಗುರುತಿನ ಚೀಟಿಯಿಲ್ಲದೆ, ಮೊದಲೇ ಹೇಳಿ ಒಪ್ಪಿಗೆ ಪಡೆಯದೆ ಯಾರ ಮನೆಗೂ ಹೋಗುವಂತಿಲ್ಲ.

‘ನಾವು ಸರ್ಕಾರದಿಂದ ಮಾನ್ಯತೆ ಪಡೆದವರು’ ಎನ್ನುತ್ತಾ ಚೌಕಟ್ಟು ಹಾಕಿದ ಕಂಪನಿ ನೋಂದಣಿ ಪತ್ರವನ್ನು ತೋರಿಸುವುದು ಸಾಮಾನ್ಯ. ಆ ಪತ್ರ ಹೇಳುವುದು ಕಂಪನಿ ಹುಟ್ಟಿದೆ ಎಂದಷ್ಟೇ, ಒಳ್ಳೆಯದೆಂದಲ್ಲ. ಆದರೂ ಅದರಲ್ಲಿರುವ 21 ಅಕ್ಷರಗಳ ಸಿಐಎನ್ ಸಂಖ್ಯೆಯನ್ನು ಓದಲು ಬಂದರೆ ಕೆಲವು ಸಂಗತಿ ಹೊರಬೀಳುತ್ತವೆ. ಮೊದಲ ಅಕ್ಷರ ಷೇರುಪೇಟೆಯಲ್ಲಿ ಇದೆಯೋ ಇಲ್ಲವೋ ಎಂಬುದು, ನಂತರದ ಐದು ಅಂಕಿ ಉದ್ಯಮದ ಬಗೆ, ಎರಡು ಅಕ್ಷರ ರಾಜ್ಯ (ಕರ್ನಾಟಕಕ್ಕೆ ಕೆಎ), ನಾಲ್ಕು ಅಂಕಿ ಹುಟ್ಟಿದ ವರ್ಷ, ಮೂರು ಅಕ್ಷರ ಕಂಪನಿಯ ಬಗೆ, ಕೊನೆಯ ಆರು ಅಂಕಿ ನೋಂದಣಿ ಸಂಖ್ಯೆ. ‘ಇಪ್ಪತ್ತು ವರ್ಷದ ಅನುಭವ’ ಎಂದವರ ಪತ್ರದಲ್ಲಿ ವರ್ಷದ ಜಾಗದಲ್ಲಿ 2023 ಕಂಡರೆ ಅದೇ ಒಂದು ಉತ್ತರ. ಕಂಪನಿ ವ್ಯವಹಾರಗಳ ಸಚಿವಾಲಯದ ಜಾಲತಾಣದಲ್ಲಿ ಈ ಸಂಖ್ಯೆ ಹಾಕಿ ನೋಡಿದರೆ ನೋಂದಾಯಿತ ವಿಳಾಸ ಸಿಗುತ್ತದೆ, ವಾರ್ಷಿಕ ಲೆಕ್ಕಪತ್ರ ಕೊನೆಯ ಬಾರಿ ಸಲ್ಲಿಕೆಯಾದದ್ದು ಯಾವಾಗ ಎಂದೂ ತಿಳಿಯುತ್ತದೆ. ಎರಡು ವರ್ಷದಿಂದ ಲೆಕ್ಕಪತ್ರ ಕೊಡದ ಕಂಪನಿ ಮಾರಾಟಗಾರರ ಕಮಿಷನ್ ಲೆಕ್ಕವನ್ನು ಚೊಕ್ಕವಾಗಿ ಇಡುತ್ತದೆಂದು ನಂಬಲು ಕಾರಣವಿಲ್ಲ.

ಒಪ್ಪಂದ ಪತ್ರವನ್ನು ಬಹಳ ಜನ ಓದುವುದೇ ಇಲ್ಲ. ಮೊಬೈಲಿನಲ್ಲಿ ‘ಒಪ್ಪಿದ್ದೇನೆ’ ಎಂಬ ಚೌಕ ಒತ್ತಿ ಮುಗಿಸುತ್ತಾರೆ. ಇಲ್ಲಿ ಒಂದು ಕಾನೂನಿನ ಸೂಕ್ಷ್ಮವಿದೆ. ಮರುಮಾರಾಟಕ್ಕೆಂದು ಸರಕು ಕೊಂಡವರನ್ನು ಗ್ರಾಹಕ ಸಂರಕ್ಷಣಾ ಕಾಯ್ದೆ ‘ಗ್ರಾಹಕ’ ಎಂಬ ವ್ಯಾಖ್ಯೆಯಿಂದ ಹೊರಗಿಡುತ್ತದೆ. ಡಬ್ಬಿ ಕೊಂಡ ನೆರೆಮನೆಯವರಿಗೆ ಜಿಲ್ಲಾ ಗ್ರಾಹಕ ಆಯೋಗದ ಬಾಗಿಲು ಸಲೀಸಾಗಿ ತೆರೆಯುತ್ತದೆ. ಡಬ್ಬಿ ಮಾರಿದವರಿಗೆ ಅಷ್ಟು ಸಲೀಸಲ್ಲ. ಅವರ ಮುಖ್ಯ ಆಸರೆ ಆ ಒಪ್ಪಂದವೇ. ಅದರಲ್ಲಿ ವಾಪಸಾತಿಯ ಅವಧಿ ಎಷ್ಟು ದಿನ, ಬೆಲೆಯಲ್ಲಿ ಎಷ್ಟು ಕಡಿತ, ಸಾಗಣೆ ಖರ್ಚು ಯಾರದು, ಕೊಟ್ಟ ಕಮಿಷನ್ ವಾಪಸ್ ಹಿಡಿಯುತ್ತಾರೆಯೇ, ವ್ಯಾಜ್ಯವಾದರೆ ಯಾವ ಊರಿನ ನ್ಯಾಯಾಲಯ ಎಂಬ ಐದಾರು ಸಾಲುಗಳನ್ನಾದರೂ ಹುಡುಕಿ ಓದಬೇಕು. ಹಾವೇರಿಯಲ್ಲಿ ಕುಳಿತು ಮೂರು ಸಾವಿರ ರೂಪಾಯಿಯ ಸರಕಿಗಾಗಿ ದೆಹಲಿಯ ಕೋರ್ಟಿಗೆ ಯಾರೂ ಹೋಗುವುದಿಲ್ಲ ಎಂಬುದು ಆ ಸಾಲು ಬರೆದವರಿಗೂ ಗೊತ್ತು.

ಕಂಪನಿಯಷ್ಟೇ ಮುಖ್ಯ, ಸೇರಿಸುವವರು ಯಾರು ಎಂಬುದು. ಅಪ್‌ಲೈನ್ ಎಂದು ಕರೆಸಿಕೊಳ್ಳುವ ಇವರ ಮೂಲಕವೇ ಕಲಿಕೆ, ಸರಕು, ಸುದ್ದಿ ಎಲ್ಲ ಬರುತ್ತದೆ. ಅವರ ಸ್ವಂತ ಗ್ರಾಹಕರು ಯಾರು, ಕಳೆದ ತಿಂಗಳು ಸರಪಳಿಯ ಹೊರಗಿನ ಎಷ್ಟು ಮನೆಗಳಿಗೆ ಮಾರಿದರು ಎಂದು ಕೇಳಿದರೆ ಬಹಳಷ್ಟು ತಿಳಿಯುತ್ತದೆ. ಬ್ಯಾಂಕಿನ ಚೆಕ್ಕಿನ ಫೋಟೊ ತೋರಿಸಿದರೆ ಅದರ ಜೊತೆ ಆ ತಿಂಗಳು ಎತ್ತಿದ ಸರಕಿನ ಬಿಲ್ಲನ್ನೂ ಕೇಳಬೇಕು. ಹೋಟೆಲಿನ ಹಾಲ್‌ನಲ್ಲಿ ನಡೆಯುವ ಸಭೆಗಳಿಗೆ ತಮ್ಮದೇ ಲಯವಿದೆ: ಜೋರು ಸಂಗೀತ, ಟೈ ಕಟ್ಟಿದ ಇಪ್ಪತ್ತರ ಹರೆಯದ ‘ಲೀಡರ್’, ವಿದೇಶ ಪ್ರವಾಸದ ಚಿತ್ರಗಳು, ಕೊನೆಗೆ ‘ಇವತ್ತೇ ಐಡಿ ಮಾಡಿಸಿದರೆ’ ಎಂದು ಶುರುವಾಗುವ ಮಾತು. ಸರಕಿನ ಹೆಸರು ಎರಡು ಗಂಟೆಯಲ್ಲಿ ಎಷ್ಟು ಸಲ ಬಂತು ಎಂದು ಬೆರಳು ಮಡಚಿ ಎಣಿಸುವುದು ಈ ಸಭೆಗಳನ್ನು ಕೇಳುವ ಅತ್ಯುತ್ತಮ ವಿಧಾನ. ನಾಳೆ ಇಲ್ಲದ ಅವಕಾಶವನ್ನು ನೇರ ಮಾರಾಟದಲ್ಲಿ ಯಾವ ಕಂಪನಿಯೂ ಕೊಡುವುದಿಲ್ಲ. ಶಾಂಪೂ ನಾಳೆಯೂ ಇರುತ್ತದೆ.

ಸೇರಿದವರ ಕೈಗೆ ಮೊದಲ ದಿನ ಕೊಡುವ ಕೆಲಸ ನೂರು ಹೆಸರುಗಳ ಪಟ್ಟಿ ಬರೆಯುವುದು. ನೆಂಟರು, ಸಹಪಾಠಿಗಳು, ಸ್ತ್ರೀಶಕ್ತಿ ಸಂಘದವರು, ಮಕ್ಕಳ ಶಾಲೆಯ ತಾಯಂದಿರು. ಸಂಘದಲ್ಲಿ ಸಾಲ ಎತ್ತಿ ‘ಪ್ಯಾಕೇಜ್’ ಕೊಳ್ಳುವ ಸಲಹೆಯೂ ಕೆಲವೆಡೆ ಇದರ ಜೊತೆಗೇ ಬರುತ್ತದೆ. ವಾರದ ಕಂತು ಕಮಿಷನ್‌ಗಾಗಿ ಕಾಯುವುದಿಲ್ಲವಾದ್ದರಿಂದ ಆ ಸಲಹೆ ಕೊಟ್ಟ ಕಂಪನಿಯಿಂದ ದೂರವಿರುವುದೇ ಕ್ಷೇಮ. ಪಟ್ಟಿಯ ವಿಷಯದಲ್ಲಿ ಒಂದು ವ್ಯತ್ಯಾಸ ಗಮನಿಸಬೇಕು. ಚಿಕ್ಕಮ್ಮನಿಗೆ ಸಾಬೂನು ಮಾರಿದರೆ, ಹಿಡಿಸದಿದ್ದಾಗ ಅವರು ಮುಂದಿನ ತಿಂಗಳು ಬೇಡ ಎನ್ನುತ್ತಾರೆ, ಸಂಬಂಧ ಉಳಿಯುತ್ತದೆ. ಚಿಕ್ಕಮ್ಮನನ್ನು ಹತ್ತು ಸಾವಿರ ಹಾಕಿಸಿ ಸೇರಿಸಿದರೆ, ಮುಂದಿನ ಮದುವೆ ಮನೆಯಲ್ಲಿ ಇಬ್ಬರೂ ಬೇರೆ ಬೇರೆ ಪಂಕ್ತಿಯಲ್ಲಿ ಊಟಕ್ಕೆ ಕೂರಬೇಕಾದೀತು.

ತೆರಿಗೆಯ ಭಾಗ ಸರಳ. ಕಮಿಷನ್ ವರ್ಷಕ್ಕೆ 20,000 ರೂಪಾಯಿ ದಾಟಿದರೆ ಕಂಪನಿ ಶೇ 2ರಂತೆ ತೆರಿಗೆ ಮುರಿದುಕೊಳ್ಳುತ್ತದೆ. ಈ ಮಿತಿ 2025ರ ಏಪ್ರಿಲ್‌ಗೆ ಮುಂಚೆ 15,000 ಇತ್ತು. ಪ್ಯಾನ್ ಕೊಡದಿದ್ದರೆ ಮುರಿಯುವುದು ಶೇ 20. ಕಮಿಷನ್ ಸೇವೆಯ ಆದಾಯವಾದ್ದರಿಂದ ವಾರ್ಷಿಕ ವಹಿವಾಟು 20 ಲಕ್ಷ ದಾಟುವವರಿಗೆ ಜಿಎಸ್‌ಟಿ ನೋಂದಣಿಯ ಪ್ರಶ್ನೆ ಬರುತ್ತದೆ, ಆ ಮಟ್ಟ ಮುಟ್ಟುವವರು ಹೇಗೂ ಲೆಕ್ಕಪರಿಶೋಧಕರನ್ನು ಇಟ್ಟುಕೊಂಡಿರುತ್ತಾರೆ. ಕಮಿಷನ್ ಅನ್ನು ನಗದಾಗಿ, ಇಲ್ಲವೇ ಅಪ್‌ಲೈನ್‌ನ ಖಾತೆಯ ಮೂಲಕ ಕೊಡುವ ಕಂಪನಿ ತೆರಿಗೆಯ ದಾಖಲೆಯಲ್ಲಿ ಮಾರಾಟಗಾರರ ಹೆಸರನ್ನೇ ಕಾಣಿಸುವುದಿಲ್ಲ. ಹಣ ನೇರವಾಗಿ ಸ್ವಂತ ಖಾತೆಗೇ ಬರಬೇಕು, ಬಿಲ್ಲು ಕಂಪನಿಯ ಹೆಸರಿನಲ್ಲೇ ಇರಬೇಕು.

ಎಲ್ಲ ಪರೀಕ್ಷೆ ದಾಟಿದ ಕಂಪನಿಯ ವ್ಯಾಪಾರವನ್ನೂ ಮೊದಲು ಮೂರು ತಿಂಗಳು ಸಣ್ಣದಾಗಿ ನಡೆಸಿ ನೋಡುವುದುಂಟು: ಯಾರನ್ನೂ ಸೇರಿಸದೆ, ಆರ್ಡರ್ ಬಂದಷ್ಟನ್ನೇ ತರಿಸಿ, ಪ್ರತಿ ರೂಪಾಯಿಯನ್ನೂ ಪುಸ್ತಕದಲ್ಲಿ ಬರೆದು. ಮೂರನೆಯ ತಿಂಗಳು ಎಷ್ಟು ಮನೆಗಳು ತಾವಾಗಿ ಫೋನ್ ಮಾಡಿ ಮತ್ತೆ ಕೇಳಿದವು ಎಂಬುದೇ ಆ ಊರಿನಲ್ಲಿ ಆ ಸರಕಿನ ನಿಜವಾದ ಬೆಲೆ. ಒಂದೂ ಬಾರದಿದ್ದರೆ ನಾಲ್ಕನೆಯ ತಿಂಗಳು ಜನರನ್ನು ಸೇರಿಸಿ ತುಂಬಿಕೊಳ್ಳೋಣ ಎಂಬ ಯೋಚನೆ ಬರುತ್ತದೆ, ಅಪ್‌ಲೈನ್‌ನಿಂದ ಆ ಸಲಹೆ ಬಂದೇ ಬರುತ್ತದೆ. ಬೇರೆ ಕಂಪನಿ ನೋಡಬೇಕಾದ, ಇಲ್ಲವೇ ಸ್ವಂತ ಹಪ್ಪಳ ಸಂಡಿಗೆಯನ್ನೇ ಮಾರಬೇಕಾದ ಹೊತ್ತು ಅದು; ಹಪ್ಪಳಕ್ಕೆ ಅಪ್‌ಲೈನ್ ಇಲ್ಲ.

ಹೊರಬರುವವರು ಫೋನಿನಲ್ಲಿ ಹೇಳಿ ಸುಮ್ಮನಾಗಬಾರದು. ಐಡಿ ರದ್ದುಮಾಡಿ, ಉಳಿದ ಸರಕನ್ನು ಒಪ್ಪಂದದ ಇಂಥ ಷರತ್ತಿನಂತೆ ವಾಪಸ್ ಪಡೆಯಿರಿ ಎಂದು ಬಿಲ್ಲಿನ ನಕಲಿನೊಂದಿಗೆ ಕುಂದುಕೊರತೆ ಅಧಿಕಾರಿಗೆ ಇಮೇಲ್ ಕಳಿಸಿ, ಅದನ್ನೇ ಸ್ವೀಕೃತಿ ಸಹಿತ ಅಂಚೆಯಲ್ಲೂ ಕಳಿಸಬೇಕು. ಡಬ್ಬಿಗಳ ಸೀಲ್ ಒಡೆದಿರಬಾರದು, ಅವಧಿ ಮುಗಿದಿರಬಾರದು. ಕಳಿಸುವ ಮುನ್ನ ಬ್ಯಾಚ್ ಸಂಖ್ಯೆ ಕಾಣುವಂತೆ ಫೋಟೊ ತೆಗೆದಿಟ್ಟುಕೊಳ್ಳಬೇಕು. ತಿಂಗಳಾದರೂ ಉತ್ತರವಿಲ್ಲದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕನ್ನಡದಲ್ಲೇ ದೂರು ಹೇಳಬಹುದು. ಸರಕೇ ಇಲ್ಲದೆ ಬರೀ ಹಣ ಕಟ್ಟಿಸಿಕೊಂಡಿದ್ದರೆ ಅದು ವ್ಯಾಪಾರದ ತಕರಾರಲ್ಲ, ಅಪರಾಧ. ದೂರು ಹೋಗಬೇಕಾದದ್ದು ಜಿಲ್ಲೆಯ ಸೆನ್ (ಸೈಬರ್, ಆರ್ಥಿಕ ಮತ್ತು ಮಾದಕವಸ್ತು ಅಪರಾಧ) ಪೊಲೀಸ್ ಠಾಣೆಗೆ. ಹಣ ಆನ್‌ಲೈನಿನಲ್ಲಿ ಹೋಗಿದ್ದರೆ ಅದಕ್ಕೂ ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು, ಅದೂ ಆದಷ್ಟು ಬೇಗ. ಹಣ ಖಾತೆಯಿಂದ ಖಾತೆಗೆ ದಾಟುವ ಮುನ್ನ ತಡೆಹಿಡಿಯಲು ಸಾಧ್ಯವಾಗುವುದು ಆ ಮೊದಲ ಗಂಟೆಗಳಲ್ಲಿ.